ಓಣಿ ಹಳೇ ಲಾಡ್ಜು: ಕೆಡವೋದೋ ಉಳಿಸೋದೋ, ಎಲ್ಲಾರೂ ಓದ್ರಿ

ಮನೆ ನಂ. 9, ಟ್ಯೂಶನ್ ಅಕ್ಕಾ:
ನಿನ್ನೆ ಸಂಜಿ ಆರೂವರಿಗಿ ಹಳೇ ಲಾಡ್ಜಿನ ಮ್ಯಾಲಿನ ಬಾಲ್ಕನಿದು ದೊಡ್ಡದೊಂದು ಗಾರಿ ಹೆಂಟಿ ಬಿತ್ತು, ಅದೇ ಹೊತ್ತಿಗಿ ನನ್ನ ಟ್ಯೂಶನ್ ಹುಡುಗ್ರು ಸೈಕಲ್ ಹಿಡ್ಕೊಂಡು ಹೊಂಟಿದ್ರು, ಒಬ್ಬನ ಸೈಕಲ್ ಕ್ಯಾರಿಯರ್ ಬಗ್ಗಿ ಹೋಗೇದ, ಎರಡು ಫೂಟ ಮುಂದ ಬಿದ್ದಿದ್ರ ಏನಾಗ್ತಿತ್ತು ನೀವ ವಿಚಾರ ಮಾಡ್ರಿ. ಹೋದ ಮಳಿಗಾಲದಾಗೂ ಇಲ್ಲೇ ಹೇಳಿದ್ದೆ. ಎಲ್ಲಾರೂ ಹೆಬ್ಬಟ್ಟು ತೋರಿಸಿ ಸುಮ್ಮನಾದ್ರಿ.

ಕಿರಾಣಿ ಕಾಕಾ:
ಕೆಡವಿ ಒಗೀರಿ ಅದನ್ನ ಸಾಕಾಗೇದ. ಹಾವು, ಹೆಗ್ಗಣ, ರಾತ್ರಿ ಕುಡಕರು. ಜಾಗಾ ಖಾಲಿ ಆದ್ರ ಪಾರ್ಕಿಂಗರ ಆಗ್ತದ.

ಮನೆ ನಂ. 31:
ನಾ ಕಾಕಾನ ಕಡಿ. ಜೆಸಿಬಿ ತರಸ್ರಿ, ಮುಂಜಾನಿ ಸುರು ಮಾಡಿದ್ರ ಸಂಜಿಕ್ ಮುಗೀತು.

ನಿವೃತ್ತ ಮಾಸ್ತರ್, ಮನೆ ನಂ. 3:
ಸ್ವಲ್ಪ ತಡೀರಿ. ಬಿದ್ದದ್ದು ಬಾಲ್ಕನಿ ಗಾರಿ, ಕಟ್ಟಡ ಅಲ್ಲ. ಆ ಲಾಡ್ಜು ಏನಿತ್ತು ಅಂತ ಈಗಿನ ಹುಡುಗ್ರಿಗಿ ಗೊತ್ತಿಲ್ಲ ಅದಕ್ಕ ನಾಕ ಮಾತು ಬರೀತೀನಿ, ಉದ್ದ ಆತು ಅನ್ನಬ್ಯಾಡ್ರಿ. 1885ರಾಗ ಜಿಲ್ಲಾ ಕಚೇರಿ ಕಲಾದಗಿಯಿಂದ ನಮ್ಮೂರು ಬಿಜಾಪುರಕ್ಕ ಬಂತು, ಅದರ ಆಸುಪಾಸಿನಾಗ ರೈಲೂ ಬಂತು, ಆದ್ರ ಬಂದವರು ಇಳಕೊಳ್ಳಾಕ ಜಾಗಾನ ಇರಲಿಲ್ಲ. ಆದಿಲಶಾಹಿ ಅರಮನಿಗೋಳನ್ನ ಕಚೇರಿ ಮಾಡ್ಕೊಂಡ್ರು, ಗೋಳಗುಮ್ಮಟದ ಪಡುವಲಕ್ಕ ಐತೆಲ್ಲ ಮಸೂತಿ, ಅದನ್ನ ಸಾಹೇಬರ ಮುಸಾಫರ ಬಂಗಲೆ ಮಾಡಿದ್ರು, ಹೌದ್ರಿ, ಮಸೂತಿಯೊಳಗ ಮಂಚ ಹಾಕಿ ಮಲಗ್ತಿದ್ರು! ಕರ್ಜನ್ ವೈಸರಾಯ್ ಆದ ಮ್ಯಾಲ ಅದನ್ನ ಖಾಲಿ ಮಾಡಿಸಿದ್ರು, 1904ರಾಗ ಸ್ಮಾರಕಗಳ ಕಾಯದೆ ಬಂದದ್ದೂ ಅವರ ಕಾಲದಾಗ. ಸಾಹೇಬರಿಗಿ ಬಂಗಲೆ ಆತು, ನಮ್ಮ ಮಂದಿಗಿ ಏನು? ಧರ್ಮಶಾಲಾ, ಇಲ್ಲಾಂದ್ರ ಬೀಗರ ಮನಿ. ಅಂಥಾದ್ರಾಗ ಎದ್ದು ನಿಂತದ್ದು ನಮ್ಮ ಓಣಿ ಲಾಡ್ಜು.

ನಾ ಸಣ್ಣಾವ ಇದ್ದಾಗ ಸ್ಟೇಶನ್ನಿನಿಂದ ಟಾಂಗಾದಾಗ ಬಂದವರು ಸೀದಾ ಅದರ ಕಟ್ಟಿ ಮುಂದ ಇಳೀತಿದ್ರು. ಒಳಗ ಹೋದ ಕೂಡ್ಲೆ ಪಡಸಾಲಿ, ಕರೇ ಫರಸಿ, ಒರೆಸಿ ಒರೆಸಿ ಕನ್ನಡಿ ಆಗಿತ್ತು. ಎಡಕ್ಕ ಸಾಗವಾನಿ ಜೀನೆ, ಅದರ ಮೂರನೇ ಮೆಟ್ಟಿಲು ಕಿರ್ ಅಂತಿತ್ತು, ರಾತ್ರಿ ತಡಾ ಮಾಡಿ ಬಂದವರೆಲ್ಲಾ ಆ ಮೆಟ್ಟಿಲ ದಾಟಿ ಕಾಲಿಡ್ತಿದ್ರು ಮ್ಯಾನೇಜರ್‌ಗೆ ಗೊತ್ತಾಗಬಾರದಂತ. ಸಿದ್ಧೇಶ್ವರ ಜಾತ್ರಿ ಬಂತಂದ್ರ ಖೋಲಿ ಸಿಗತಿರಲಿಲ್ಲ, ಪಡಸಾಲಿಯೊಳಗ ಜಮಖಾನಿ ಹಾಸಿ ಎತ್ತಿನ ವ್ಯಾಪಾರಸ್ಥರು ಮಲಗ್ತಿದ್ರು. ನಾಟಕ ಕಂಪನಿಯವರು ಬಂದ್ರ ಮ್ಯಾಲಿನ ಬಾಲ್ಕನಿಯೊಳಗ ಸೀರಿ ಒಣಗ ಹಾಕ್ತಿದ್ರು, ನಾವು ಸಾಲಿ ಬಿಟ್ಟು ಕೆಳಗ ನಿಂದರತಿದ್ವಿ, ಹೀರೋಯಿನ್ ಕಾಣ್ತಾಳೇನಂತ. ಕಂಡಿದ್ದು ಒಂದ ಸಲ, ಅಕಿ ಹಲ್ಲು ತಿಕ್ಕಲಿಕ್ಕತ್ತಿದ್ಲು.

ಕಿರಾಣಿ ಕಾಕಾ:
ಮಾಸ್ತರ ಕಥಿ ಛಲೋ ಅದ, ಆದ್ರ ಕಥಿ ತಲಿ ಮ್ಯಾಲ ಬೀಳೂದಿಲ್ಲ, ಗಾರಿ ಬೀಳ್ತದ.

ಮನೆ ನಂ. 14ರ ಮಗ, ಈಗ ಮುಂಬೈ:
ಕಾಕಾ ಹೇಳೂದು ಖರೆ, ಇಲ್ಲಿ ಆಗಿದ್ದು ಹೇಳ್ತೀನಿ. ಕಾಲಾಘೋಡಾದಾಗ ವಾಟ್ಸನ್ ಹೋಟೆಲ್ ಅಂತ ಇತ್ತು, 1860ರ ದಶಕದ್ದು, ಕಬ್ಬಿಣದ ಕಂಬ ತೊಲಿ ಎಲ್ಲಾ ಇಂಗ್ಲೆಂಡಿನಾಗ ಎರಕಾ ಹೊಯ್ದು ಹಡಗಿನಾಗ ತಂದು ಜೋಡಿಸಿದ್ದು. ನಮ್ಮ ದೇಶದಾಗ ಮೊದಲ ಸಿನಿಮಾ ತೋರಿಸಿದ್ದು ಅಲ್ಲೇ, 1896 ಜುಲೈ 7. ಆಮ್ಯಾಲ ಹೋಟೆಲ್ ಮುಚ್ಚಿತು, ಖೋಲಿ ಖೋಲಿ ಹರದು ಆಫೀಸು, ಅಂಗಡಿ, ವಕೀಲರ ಚೇಂಬರ್ ಅಂತ ಬಾಡಿಗಿಗಿ ಕೊಟ್ರು. ಬಾಡಿಗಿ ಕೊಡಾವ್ರು ಬೇರೆ, ಮಾಲಕರು ಬೇರೆ, ರಿಪೇರಿ ಯಾರದು ಅಂತ ಒಬ್ಬರ ಮುಖ ಒಬ್ಬರು ನೋಡಿದ್ರು. 2005ರಾಗ ಬಾಲ್ಕನಿ ಕುಸದು ಒಬ್ಬಾವ ಸತ್ತ. ಮುಂದ ಕೆಡವಬೇಕೋ ರಿಪೇರಿ ಮಾಡಬೇಕೋ ಅಂತ ಕೋರ್ಟಿನ ತನಕ ಹೋತು. ಅಂಥಾ ಹೆಸರಾದ ಕಟ್ಟಡದ್ದ ಹಿಂಗಾಗೇದಂದ್ರ ನಮ್ಮದನ್ನ ಕೇಳಾವ್ರು ಯಾರು.

ಕಿರಾಣಿ ಕಾಕಾ:
ಟಾಟಾರನ್ನ ಒಳಗ ಬಿಡಲಿಲ್ಲಂತಲ್ಲೋ ಅದ ಹೋಟೆಲಿನಾಗ, ಆ ಸಿಟ್ಟಿಗೇ ತಾಜ್ ಕಟ್ಟಿಸಿದ್ರಂತ?

ಮನೆ ನಂ. 14ರ ಮಗ:
ಅದಕ್ಕ ಗಟ್ಟಿ ದಾಖಲಿ ಇಲ್ಲ ಕಾಕಾ, ವಾಟ್ಸಾಪಿನಾಗ ಓಡ್ಯಾಡ್ತದ ಅಷ್ಟ. ತಾಜ್ ತೆರದದ್ದು 1903ರಾಗ, ಅದು ಖರೆ.

ಮನೆ ನಂ. 9, ಟ್ಯೂಶನ್ ಅಕ್ಕಾ:
ಮುಂಬೈ ಬಿಡ್ರಿ. ನಾಳಿಗಿ ನನ್ನ ಹುಡುಗ್ರು ಯಾ ದಾರಿಲೆ ಬರಬೇಕು ಅದ ಹೇಳ್ರಿ.

ಅಡ್ಮಿನ್, ಮನೆ ನಂ. 22:
ಅಕ್ಕಾರ, ಈಗ ಹೋಗಿ ಎರಡು ಡ್ರಮ್ ಇಟ್ಟು ಹಗ್ಗಾ ಕಟ್ಟಿ ಬಂದೀನಿ. ಆ ಕಡಿ ಯಾರೂ ಗಾಡಿ ಹಚ್ಚಬ್ಯಾಡ್ರಿ. ಇವತ್ತ ಕಚೇರಿಗಿ ಅರ್ಜಿ ತಗೊಂಡು ಹೋಗಿದ್ದೆ, ಒಂದು ಟೇಬಲ್‌ನವರು ಇನ್ನೊಂದು ಟೇಬಲ್ ತೋರಿಸಿದ್ರು, ಅವರು ಊಟಕ್ಕ ಹೋಗಿದ್ರು. ಮತ್ತ ಹೋಗ್ತೀನಿ.

ಇಂಜಿನಿಯರಿಂಗ್ ಹುಡುಗ, ಮನೆ ನಂ. 17:
ನಾ ಮತ್ತು ದೋಸ್ತ ಮುಂಜಾನಿ ಹಿಂದಿನ ಗ್ವಾಡಿ ಹತ್ತಿ ಮಾಳಗಿ ಮ್ಯಾಲ ಹೋಗಿ ಬಂದ್ವಿ (ಬೈಬ್ಯಾಡ್ರಿ). ಮೂರು ಸಂಗತಿ. ಒಂದು, ನೀರು ಹೋಗೋ ದೋಣಿ ಎರಡೂ ಬಂದ್ ಆಗ್ಯಾವ, ಪ್ಲಾಸ್ಟಿಕ್ ಚೀಲ, ಪಾರಿವಾಳ ಗೂಡು, ಒಂದು ಹರಕ ಚಪ್ಪಲಿ, ಅದಕ್ಕ ಮಾಳಗಿ ಮ್ಯಾಲ ಗಿಣ್ಣು ಮಟಾ ನೀರು ನಿಂತದ. ಎರಡು, ಪಾರಾಪೆಟ್‌ನಾಗ ಅರಳಿ ಗಿಡ ಬೇರು ಬಿಟ್ಟದ, ಗಾರಿ ಬಿದ್ದದ್ದು ಕರೆಕ್ಟ್ ಅದರ ಕೆಳಗ. ಮೂರು, ಒಳಗಿನ ಗರ್ಡರ್ ನೋಡ್ರಿ, ಕಬ್ಬಿಣದ ಮ್ಯಾಲ ಉಬ್ಬಕ್ಷರದಾಗ ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ, ಇಂಗ್ಲೆಂಡ್ ಅಂತದ. ನಾ ಹುಡುಕಿ ನೋಡಿದೆ, ಸಿಡ್ನಿ ಹಾರ್ಬರ್ ಬ್ರಿಜ್ ಕಟ್ಟಿದ್ದೂ ಅದ ಕಂಪನಿ! ಎರಡು ಗರ್ಡರ್ ತುದಿಗಿ ಜಂಗು ಹಿಡದು ಪದರ ಪದರ ಎದ್ದದ, ಉಳದದ್ದು ಗಟ್ಟಿ ಅದಾವ.

ಗೌಂಡಿ ಮಾಮಾ (ಅಪ್ಪ ಹೇಳಿದ್ದನ್ನ ನಾ ಮಗಳು ಟೈಪ್ ಮಾಡ್ಲಿಕ್ಕತ್ತೀನಿ):
ನಾ ಹೋದ ವರ್ಷ ಅದರ ಮುಂದಿನ ಗ್ವಾಡಿ ನೋಡಿ ಬಂದಿದ್ದೆ. ಅದು ಸುಣ್ಣದ ಗಚ್ಚು, ಅದರ ಮ್ಯಾಲ ಯಾರೋ ಸಿಮೆಂಟ್ ಹಚ್ಯಾರ, ಅಲ್ಲೇ ಕೆಟ್ಟದ್ದು. ಸುಣ್ಣದ ಗ್ವಾಡಿ ಉಸಿರಾಡ್ತದ, ಹಸಿ ಕುಡದ್ರೂ ಹೊರಗ ಬಿಡ್ತದ, ಸಿಮೆಂಟ್ ಹಚ್ಚಿದ್ರ ಹಸಿ ಒಳಗ ಸಿಗಬೀಳ್ತದ, ಬೆಳ್ಳಗ ಉಪ್ಪು ಒಡದು ಕಲ್ಲನ್ನ ಹಿಟ್ಟು ಮಾಡ್ತದ. ಬಿದ್ದ ಹೆಂಟಿ ತಗೊಂಡು ನೋಡ್ರಿ, ಹೊರಗಿನ ಮೈ ಸಿಮೆಂಟ್, ಬೆನ್ನಿಗಿ ಸುಣ್ಣ ಹತ್ತಿರತದ. ಮತ್ತ ಸಿಮೆಂಟ್ ಬಡದ್ರ ಮತ್ತ ಬೀಳ್ತದ. ಸುಣ್ಣ ಅರಳಸಿ ಕುಣಿಯೊಳಗ ವಾರಗಟ್ಲೆ ಇಡಬೇಕು, ಉಸುಕು ಕೂಡಿಸಿ ಗಾಣದಾಗ ಅರೀಬೇಕು. ನಮ್ಮಪ್ಪ ಅಳಲಿಕಾಯಿ ನೀರು, ಬೆಲ್ಲಾ ಹಾಕತಿದ್ದ. ಒಣಗಾಕ ಟೈಮ್ ತಗೋತದ, ಗಡಿಬಿಡಿ ನಡ್ಯಂಗಿಲ್ಲ. ಅರಳಿ ಗಿಡ ಬರೀ ಕತ್ತರಿಸಿದ್ರ ಮತ್ತ ಚಿಗೀತದ, ಬೇರಿನ ತನಕ ಕಲ್ಲು ಬಿಚ್ಚಿ ತಗದು ಸುಣ್ಣ ತುಂಬಬೇಕು. ನಾ ಮಾಡ್ತೀನಿ, ಆದ್ರ ಫುಕಟ್ ಮಾಡಾಂಗಿಲ್ಲ.

ಮನೆ ನಂ. 31:
ಇಷ್ಟೆಲ್ಲಾ ರೊಕ್ಕ ಯಾರು ಕೊಡಾವ್ರು? ಮಾಲಕರು ಎಲ್ಲಿ? ಅವರದೇ ಆಸ್ತಿ, ನಾವ್ಯಾಕ ತಲಿ ಕೆಡಿಸ್ಕೋಬೇಕು.

ಲಾಡ್ಜಿನ ಮನಿಯವರು, ಸೊಲ್ಲಾಪುರದಿಂದ:
ಎಲ್ಲಾರಿಗೂ ನಮಸ್ಕಾರ. ಆಗಿದ್ದಕ್ಕ ಮಾಫ್ ಮಾಡ್ರಿ, ಸೈಕಲ್ ದುರಸ್ತಿ ಖರ್ಚು ನಾ ಕಳಸ್ತೀನಿ. ಅದು ನಮ್ಮ ಅಜ್ಜಾರ ಆಸ್ತಿ, ನಾಕ ಮಂದಿ ಪಾಲದ, ಇಬ್ಬರು ಮಾತಾಡಂಗಿಲ್ಲ. ಖರೆ ಹೇಳಬೇಕಂದ್ರ ಕೆಡವಿ ಕಾಂಪ್ಲೆಕ್ಸ್ ಕಟ್ಟಿ ಹಂಚಿಕೊಳ್ಳೂಣು ಅಂತ ಮಾತಾಗಿತ್ತು. ಅದಕ್ಕ ಯಾರೂ ರಿಪೇರಿಗಿ ಕೈ ಹಚ್ಚಲಿಲ್ಲ.

ವಕೀಲ ಅಕ್ಕಾ, ಮನೆ ನಂ. 26:
ಅಣ್ಣಾರ, ಇಲ್ಲೇ ನಿಂದರ್ರಿ. ನಮ್ಮ ಓಣಿ ತುದಿಗಿ ಕೇಂದ್ರದ ಸಂರಕ್ಷಿತ ಸ್ಮಾರಕ ಅದ ಅನ್ನೂದು ಎಲ್ಲಾರೂ ಮರ್ತೀರಿ. ಸ್ಮಾರಕಗಳ 1958ರ ಕಾಯದೆಗಿ 2010ರಾಗ ಆದ ತಿದ್ದುಪಡಿ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತದೊಳಗ ಹೊಸಾ ಕಟ್ಟಡಕ್ಕ ಪರವಾನಗಿ ಸಿಗಂಗಿಲ್ಲ. ಕೆಡವಿ ಅದೇ ಅಳತಿಗಿ ಮತ್ತ ಕಟ್ತೀನಿ ಅಂದ್ರೂ ನಡ್ಯಂಗಿಲ್ಲ. ಸಿಗೋದು ದುರಸ್ತಿ, ನವೀಕರಣಕ್ಕ ಅಷ್ಟ, ಅದೂ 1992 ಜೂನ್ 16ಕ್ಕ ಮೊದಲ ಇದ್ದ ಕಟ್ಟಡಕ್ಕ, ಸಕ್ಷಮ ಪ್ರಾಧಿಕಾರಕ್ಕ ಅರ್ಜಿ ಹಾಕಿ. ಅಂದ್ರ ನೀವು ಇದನ್ನ ಕೆಡವಿದ ದಿನಾನ ನಿಮ್ಮ ಕೈಯಾಗ ಬರೀ ಬಯಲು ಉಳೀತದ. ಕಟ್ಟಡ ಇದ್ರೇನ ಬೆಲಿ.

ಇಂಜಿನಿಯರಿಂಗ್ ಹುಡುಗ, ಮನೆ ನಂ. 17:
ಟೇಪ್ ಹಿಡದು ಬಂದ್ವಿ. ಸ್ಮಾರಕದ ಬೇಲಿಯಿಂದ ಲಾಡ್ಜಿನ ಹೊಸ್ತಿಲಿಗಿ 71 ಮೀಟರ್.

ಲಾಡ್ಜಿನ ಮನಿಯವರು, ಸೊಲ್ಲಾಪುರದಿಂದ:
ಬಿಲ್ಡರ್ ಇದನ್ನ ನಮಗ ಹೇಳಿದ್ದಿಲ್ಲ.

ವಕೀಲ ಅಕ್ಕಾ, ಮನೆ ನಂ. 26:
ಅವಾ ಯಾಕ ಹೇಳ್ಯಾನು. ನಮ್ಮ ಟೇಪ್ ಅಂದಾಜಿಗಿ ಅಷ್ಟ, ಸರಕಾರಿ ನಕಾಶೆ ನೋಡಿ ಖಾತ್ರಿ ಮಾಡ್ಕೋಬೇಕು. ನಾಕ ಮಂದಿ ಸಹಿ ಬೇಕು, ಅರ್ಜಿ ನಾ ಬರದು ಕೊಡ್ತೀನಿ, ಫೀ ಬ್ಯಾಡ.

ಮನೆ ನಂ. 31:
ಹಂಗಿದ್ರ ಹೆರಿಟೇಜ್ ಹೋಟೆಲ್ ಮಾಡ್ರಿ! ಮೈಸೂರಿನ ಲಲಿತ ಮಹಲ್ ಗತೆ, ಟೂರಿಸ್ಟ್ ಬರ್ತಾರ, ಓಣಿಗಿ ಹೆಸರು ಬರ್ತದ.

ನಿವೃತ್ತ ಮಾಸ್ತರ್, ಮನೆ ನಂ. 3:
ನಿನ್ನೆ ಜೆಸಿಬಿ ತರಸ್ರಿ ಅಂದಾವ ನೀನ ಅಲ್ಲೇನು? 😀 ಲಲಿತ ಮಹಲ್ 1921ರಾಗ ಮಹಾರಾಜರು ವೈಸರಾಯ್ ಇಳಕೊಳ್ಳಾಕ ಕಟ್ಟಿಸಿದ್ದು, ಹೋಟೆಲ್ ಆದದ್ದು 1974ರಾಗ. ಅದರ ಹಿಂದ ಅರಮನಿ ಇತ್ತು, ನಮ್ಮ ಹಿಂದ ಗಟಾರ ಐತಿ. ಹೋಟೆಲ್ ಕನಸು ಆಮ್ಯಾಲ ಕಾಣೂಣು. ಮೊದಲ ದೋಣಿ ಬಿಡಸ್ರಿ, ಮಾಳಗಿ ಮ್ಯಾಲಿನ ನೀರು ಇಳೀಲಿ, ಬಾಲ್ಕನಿಗಿ ಕೆಳಗಿನಿಂದ ಬಲ್ಲಿ (ಕಟಗಿ ಕಂಬ) ಆಸರಿ ಕೊಡ್ರಿ, ಆಮ್ಯಾಲ ಗೌಂಡಿ ಮಾಮಾನ ಸುಣ್ಣ. ಮತ್ತ ಲಾಡ್ಜಿನ ಹಳೇ ಬೋರ್ಡಿಗಿ ಯಾರೂ ಕೈ ಹಚ್ಚಬ್ಯಾಡ್ರಿ. ಊರ ಹೆಸರು 2014ರ ನವೆಂಬರ್ 1ಕ್ಕ ವಿಜಯಪುರ ಅಂತ ಬದಲಾತು, ಬೋರ್ಡಿನ್ಯಾಗ ಇನ್ನಾ ‘ಬಿಜಾಪುರ’ ಅಂತದ, ಇರಲಿ.

ಅಡ್ಮಿನ್, ಮನೆ ನಂ. 22:
ಹಂಗಾರ ರವಿವಾರ ಮುಂಜಾನಿ ಆರೂವರಿ. ಮನಿಯವರು ಒಪ್ಪಿಗಿ ಬರದು ಕಳಸ್ಯಾರ, ಕೀಲಿ ನನ್ನ ಕಡಿ ಅದ. ನಿಚ್ಚಣಕಿ 17 ನಂಬರದವರು, ಸಲಿಕಿ ಬುಟ್ಟಿ ಕಿರಾಣಿ ಕಾಕಾ, ಬಲ್ಲಿ ಗೌಂಡಿ ಮಾಮಾ (ಬಾಡಿಗಿ ಮನಿಯವರು ಕೊಡ್ತಾರ). ಹುಡುಗ್ರು ಒಬ್ಬೊಬ್ಬರ ಹತ್ತಬ್ಯಾಡ್ರಿ, ಮಾಮಾ ಬಂದ ಮ್ಯಾಲ ಹತ್ರಿ. ಗಿಡಕ್ಕ ಕೈ ಹಚ್ಚಬ್ಯಾಡ್ರಿ, ಅದು ಪರವಾನಗಿ ಬಂದ ಮ್ಯಾಲ.

ಕಿರಾಣಿ ಕಾಕಾ:
ಚಾ, ಒಗ್ಗರಣಿ ಚುರಮುರಿ ನನ್ನ ಕಡಿಯಿಂದ. ಆದ್ರ ಪಾರ್ಕಿಂಗ್ ಮಾತು ನಾ ಬಿಟ್ಟಿಲ್ಲ.

ರವಿವಾರ ರಾತ್ರಿ 10:40, ಇಂಜಿನಿಯರಿಂಗ್ ಹುಡುಗ, ಮನೆ ನಂ. 17:
ಮಳಿ ಜೋರಾಗೇದ ನೋಡ್ರಿ, ಎರಡೂ ದೋಣಿಲೆ ನೀರು ಧೋ ಅಂತ ಹೊರಗ ಬೀಳ್ಲಿಕ್ಕತ್ತದ!

ನಿವೃತ್ತ ಮಾಸ್ತರ್, ಮನೆ ನಂ. 3:
ಕಿಟಕಿಯೊಳಗಿಂದ ನೋಡ್ಲಿಕ್ಕತ್ತೀನಿ.

ಮನೆ ನಂ. 9, ಟ್ಯೂಶನ್ ಅಕ್ಕಾ:
ಕಾಕಾ, ಆ ಎಡಗಡಿ ದೋಣಿ ಕೆಳಗ ನಿಮ್ಮ ಸ್ಕೂಟರ್ ಅದ, ಸೀಟ್ ತುಂಬ ನೀರು ಬೀಳ್ಲಿಕ್ಕತ್ತದ, ಲಗೂನ ಸರಸ್ರಿ.