ಸಹಾಯ ಬೇಕು: ಪದರ ಏಳುತ್ತಿರುವ ಪುರಾತನ ಕಣ್ಣಿನ ಮಣಿಗಳನ್ನು ಪೋಣಿಸುವ ಬಗ್ಗೆ

ಪೂರ್ವ ಮೆಡಿಟರೇನಿಯನ್ ಕಡೆಯ 23 ಗಾಜಿನ ಮಣಿಗಳ ಸರ. ಕ್ರಿ.ಪೂ. 1ನೇ ಸಹಸ್ರಮಾನದ ಮಾದರಿ: ಕಡುನೀಲಿ ಮೈ, ಅದರ ಮೇಲೆ ಬಿಳಿ, ನೀಲಿ, ಮತ್ತೆ ಬಿಳಿ, ಮತ್ತೆ ನೀಲಿ ಬೊಟ್ಟುಗಳನ್ನು ಒಂದರ ಮೇಲೊಂದು ಒತ್ತಿ ಮಾಡಿದ ಕಣ್ಣು. ವ್ಯಾಸ 9ರಿಂದ 12 ಮಿ.ಮೀ.

ಈಗಿನ ನೈಲಾನ್ ದಾರ ಸಡಿಲವಾಗಿ ಮಣಿಗೆ ಮಣಿ ಉಜ್ಜುತ್ತಿದೆ. ನಾಲ್ಕು ಮಣಿಗಳಲ್ಲಿ ತೂತಿನ ಬಾಯಿಯ ಸುತ್ತ ಕಾಮನಬಿಲ್ಲಿನ ಬಣ್ಣದ ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿದೆ. ಬೆರಳು ತಾಗಿದರೂ ಪುಡಿ ಉದುರುತ್ತದೆ. ಮಣ್ಣಿನ ತೇವ ಗಾಜಿನಲ್ಲಿರುವ ಸೋಡಾವನ್ನು (ಕ್ಷಾರವನ್ನು) ಎಳೆದುಕೊಂಡು ಬರೀ ಸಿಲಿಕಾ ಪದರ ಉಳಿದಾಗ ಹೀಗಾಗುತ್ತದೆ. ಆದ್ದರಿಂದ ನೀರು, ಸೋಪು, ಎಣ್ಣೆ, ಅಲ್ಟ್ರಾಸಾನಿಕ್ ಯಂತ್ರದ ಸಲಹೆ ದಯವಿಟ್ಟು ಬೇಡ. ಆ ಪದರ ಹೋದರೆ ಮೂಲ ಮೈಯೇ ಹೋದಂತೆ.

ಕೇಳಬೇಕಿರುವುದು ಇಷ್ಟು. ಪ್ಯಾರಲಾಯ್ಡ್ ಬಿ-72 (ಹಳೆಯ ವಸ್ತುಗಳ ಸಂರಕ್ಷಣೆಯಲ್ಲಿ ಪದರ ಹಿಡಿದಿಡಲು ಬಳಸುವ ಅಕ್ರಿಲಿಕ್ ರಾಳ) ಅನ್ನು ಅಸಿಟೋನಿನಲ್ಲಿ ಶೇ. 3ರಷ್ಟು ಕರಗಿಸಿ, ಸಣ್ಣ ಕುಂಚದ ತುದಿಯಿಂದ ಪದರದ ಅಂಚಿಗೆ ಮಾತ್ರ ಇಳಿಸಿದರೆ ಸಾಕೇ? ಅಸಿಟೋನ್ ಬೇಗ ಆರಿ ದ್ರಾವಣ ಒಳಗಿಳಿಯುವ ಮೊದಲೇ ಮೇಲೆ ಹೊಳಪು ಕಟ್ಟುತ್ತದೆ. ಅದನ್ನು ತಡೆದವರು ಯಾರಾದರೂ ಇದ್ದೀರಾ?

ದಾರಕ್ಕೆ ಹೆಣೆದ ಪಾಲಿಯೆಸ್ಟರ್, ಮಣಿಗೊಂದು ಗಂಟು ಎಂದುಕೊಂಡಿದ್ದೇವೆ. ಅತಿ ಕಿರಿದಾದ ತೂತು 2 ಮಿ.ಮೀ. ಒಳಗಿನ ಹಳೆಯ ಮಣ್ಣನ್ನು ಕೆರೆಯುವುದಿಲ್ಲ, ಅದೂ ಸಾಕ್ಷ್ಯವೇ. ಎಷ್ಟು ದಪ್ಪದ ದಾರ ಹಿಡಿದೀತು?