ಸೋಪು ಬೇಡ ಭಾವ, ಬೆಲ್ಟ್ ಬಿಗಿ ಮಾಡಿಸೋಣ

ಅಳಿಯಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ವಿಡಿಯೋ ಈಗ ನೋಡಿದೆ. ಅಂಬಾಸಿಡರ್ ಸ್ಟಾರ್ಟ್ ಆದ ಕೂಡಲೇ ಕೀಂ ಅಂತ ಕೂಗುತ್ತದೆ, ಎರಡು ನಿಮಿಷಕ್ಕೆ ಸುಮ್ಮನಾಗುತ್ತದೆ, ಲೈಟು ವೈಪರ್ ಹಾಕಿದರೆ ಮತ್ತೆ ಶುರು. ಭಾನುವಾರ ಉಡುಪಿಯ ಉಪನಯನಕ್ಕೆ ಇದರಲ್ಲೇ ಹೋಗಬಹುದಾ ಅಂತ ಅಕ್ಕ ಕೇಳಿದ್ದಾಳೆ. ಭಾವನವರು ಬೆಲ್ಟಿಗೆ ಸೋಪು ಉಜ್ಜು, ಸರಿಹೋಗುತ್ತದೆ ಅಂತ ಬರೆದಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಎದುರು ಕೂತು ಮಾತಾಡಿದ ಹಾಗೇ ಹೇಳುತ್ತೇನೆ, ಪೂರ್ತಿ ಓದು.

ಭಾವಾ, ಬೇಜಾರು ಮಾಡ್ಕೋಬೇಡಿ, ಸೋಪು ಬೇಡ. ಮೇಣದಬತ್ತಿ, ಕೊಬ್ಬರಿ ಎಣ್ಣೆ, ಗ್ರೀಸು, ಯಾವುದೂ ಬೇಡ. ಹಿಂದೆ ಅಕ್ಕಿ ಗಿರಣಿಯ ಚಪ್ಪಟೆ ಬೆಲ್ಟಿಗೆ ರಾಳ ಹಾಕುತ್ತಿದ್ದರಲ್ಲ, ಬೆಲ್ಟಿಗೆ ಏನಾದರೂ ಹಚ್ಚಬೇಕು ಅನ್ನೋದು ಅಲ್ಲಿಂದಲೇ ಬಂದಿರಬೇಕು. ಅದೂ ಹಿಡಿತ ಜಾಸ್ತಿ ಆಗಲಿ ಅಂತ ಹಾಕುತ್ತಿದ್ದದ್ದು, ಜಾರಲಿ ಅಂತ ಅಲ್ಲ. ನಮ್ಮ ಕಾರಿನದು ವಿ ಬೆಲ್ಟ್, ಅಂದರೆ ಇಂಗ್ಲಿಷಿನ ವಿ ಅಕ್ಷರದ ಥರ ಕೆಳಗೆ ಸಣ್ಣಗಾಗುವ ಬೆಲ್ಟು. ಇದು ಪುಲ್ಲಿಯ, ಅಂದರೆ ಬೆಲ್ಟ್ ಕೂರುವ ತೋಡಿನ ಗಾಲಿಯ, ತಳವನ್ನು ಮುಟ್ಟುವುದೇ ಇಲ್ಲ, ಮುಟ್ಟಲೂಬಾರದು. ಮರ ಸೀಳುವಾಗ ಬೆಣೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಎರಡು ಪಕ್ಕದಲ್ಲಿ ಕಚ್ಚಿಕೊಂಡು ತಿರುಗುತ್ತದೆ. ಆ ಪಕ್ಕಕ್ಕೆ ಸೋಪು ಹಚ್ಚಿದರೆ ಕೂಗು ನಿಲ್ಲುತ್ತದೆ, ಸುಳ್ಳಲ್ಲ. ಜಾರುವುದು ಮಾತ್ರ ನಿಲ್ಲುವುದಿಲ್ಲ. ಈಗ ಸದ್ದು ಮಾಡಿ ಜಾರುತ್ತಿದೆ, ಆಮೇಲೆ ಸದ್ದಿಲ್ಲದೆ ಜಾರುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ರಬ್ಬರ್ ಗಟ್ಟಿಯಾಗಿ ಗಾಜಿನ ಥರ ಹೊಳಪು ಬರುತ್ತದೆ, ಹೊಳಪು ಬಂದ ಮೇಲೆ ಹಿಡಿತ ಇನ್ನೂ ಕಡಿಮೆ.

ಇಷ್ಟು ಯಾಕೆ ಹೇಳುತ್ತೇನೆ ಅಂದರೆ, ಈ ಹಳೇ 1489 ಸಿಸಿ ಇಂಜಿನ್ನಿನಲ್ಲಿ ಒಂದೇ ಬೆಲ್ಟು ಮೂರು ಕೆಲಸ ಮಾಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸುವುದೂ ಅದೇ, ಇಂಜಿನ್ ತಣ್ಣಗಿಡುವ ನೀರು ಓಡಿಸುವ ವಾಟರ್ ಪಂಪ್ ತಿರುಗಿಸುವುದೂ ಅದೇ, ಪಂಪಿನ ಮುಂದೆ ಕೂತ ಫ್ಯಾನ್ ತಿರುಗಿಸುವುದೂ ಅದೇ. ಈಗಿನ ಕಾರುಗಳ ಹಾಗೆ ರೇಡಿಯೇಟರಿಗೆ ಬೇರೆ ಕರೆಂಟ್ ಫ್ಯಾನ್ ಇಲ್ಲ. ಬೆಲ್ಟ್ ಜಾರಿದರೆ ಚಾರ್ಜೂ ಇಲ್ಲ, ನೀರೂ ಓಡುವುದಿಲ್ಲ, ಗಾಳಿಯೂ ಇಲ್ಲ. ಶಿವಮೊಗ್ಗ ಪೇಟೆಯೊಳಗೆ ಓಡಾಡಿದರೆ ಗೊತ್ತೂ ಆಗುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗಲೂ ಅಷ್ಟಾಗಿ ಗೊತ್ತಾಗುವುದಿಲ್ಲ, ಇಂಜಿನ್ನಿಗೆ ಭಾರವೇ ಇರುವುದಿಲ್ಲ. ವಾಪಸ್ ಬರುವಾಗ ನೋಡು. ಊಟ ಮುಗಿಸಿ, ಸೋಮೇಶ್ವರ ದಾಟಿ, ಕಾರು ತುಂಬಾ ಜನ, ಡಿಕ್ಕಿ ತುಂಬಾ ಸಾಮಾನು, 14 ತಿರುವೂ ಫಸ್ಟ್ ಗೇರು ಸೆಕೆಂಡ್ ಗೇರು. ಎದುರಿನಿಂದ ಗಾಳಿ ಬೀಸುವಷ್ಟು ಸ್ಪೀಡ್ ಇರುವುದಿಲ್ಲ, ಫ್ಯಾನೇ ಗತಿ. ಮೇಲಿಂದ ಮಂಜು, ಮಳೆ, ಹೆಡ್‌ಲೈಟು, ವೈಪರ್. ಕರೆಂಟು ಜಾಸ್ತಿ ಎಳೆದಷ್ಟೂ ಆಲ್ಟರ್ನೇಟರ್ ತಿರುಗಿಸುವುದು ಭಾರ ಆಗುತ್ತದೆ, ಸಡಿಲ ಬೆಲ್ಟು ಜಾರುವುದು ಅಲ್ಲೇ. ಲೈಟ್ ಹಾಕಿದಾಗ ಕೂಗುತ್ತದೆ ಅಂತ ನೀನು ಹೇಳಿದ್ದು ಅದಕ್ಕೇ.

ಸ್ಟಾರ್ಟ್ ಆದಾಗ ಕೂಗುವುದಕ್ಕೂ ಇದೇ ಕಾರಣ. ಸ್ಟಾರ್ಟರ್ ಬ್ಯಾಟರಿಯಿಂದ ಒಮ್ಮೆಲೇ ಬೇಕಾದಷ್ಟು ಎಳೆದಿರುತ್ತದೆ, ಅದನ್ನು ತುಂಬಲು ಆಲ್ಟರ್ನೇಟರ್ ಮೊದಲ ಕೆಲವು ನಿಮಿಷ ಒದ್ದಾಡುತ್ತದೆ. ನಿಮ್ಮ ಕಾರಂತೂ ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ಬ್ಯಾಟರಿ ಅರ್ಧ ಸತ್ತಿರುತ್ತದೆ, ಪುಲ್ಲಿಗೆ ತುಕ್ಕು ಹಿಡಿದಿರುತ್ತದೆ. ನಮ್ಮ ಕಡೆಯ ಥಂಡಿ ಗೊತ್ತಲ್ಲ, ಕಪಾಟಿನೊಳಗಿನ ಚಪ್ಪಲಿಗೇ ಬೂಸ್ಟು ಬರುತ್ತದೆ. ಹಾಗಾಗಿ ಮೊದಲು ಬ್ಯಾಟರಿ ಬಿಚ್ಚಿ ಹೊರಗೆ ಚಾರ್ಜ್ ಹಾಕಿಸು.

ಆಮೇಲೆ ಸದ್ದು ಬೆಲ್ಟಿನದೇ ಹೌದಾ ನೋಡು. ಇಂಜಿನ್ ಓಡುವಾಗ ಬೆಲ್ಟಿನ ಒಳಮೈಗೆ ಒಂದು ಚೂರು ನೀರು ಚಿಮುಕಿಸು. ಕೂಗು ಇನ್ನೂ ಜೋರಾದರೆ ಬೆಲ್ಟ್ ಸಡಿಲ. ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲ ಅಂತ ಅನುಮಾನ ಪಡು. ಏನೂ ಬದಲಾಗದೆ ಗೊರಗೊರ ಅಂತಿದ್ದರೆ ಅದು ಬೇರಿಂಗು, ಬೆಲ್ಟ್ ತೆಗೆದು ಆಲ್ಟರ್ನೇಟರನ್ನೂ ಪಂಪನ್ನೂ ಕೈಯಲ್ಲಿ ತಿರುಗಿಸಿದರೆ ಸಿಕ್ಕಿಬೀಳುತ್ತದೆ. ನೀರನ್ನು ದೂರದಿಂದ ಬಾಟಲಿಯಲ್ಲಿ ಚಿಮುಕಿಸು ಮಾರಾಯ, ಬಗ್ಗಿ ನೋಡಬೇಡ. ಫ್ಯಾನು ತಿರುಗುತ್ತಿರುತ್ತದೆ. ಹೆಗಲ ಮೇಲೆ ಟವಲ್, ಉಟ್ಟ ಪಂಚೆ, ಇದೆಲ್ಲ ಹಾಕಿಕೊಂಡು ಬಾನೆಟ್ ಹತ್ತಿರ ಹೋಗಲೇಬೇಡ. ಭಾವಾ, ಇದು ನಿಮಗೂ ಹೇಳಿದ್ದು.

ಬಿಗಿ ಮಾಡುವುದು ದೊಡ್ಡ ವಿದ್ಯೆ ಏನಲ್ಲ. ಇಂಜಿನ್ ಆಫ್ ಮಾಡು, ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚು. ಆಲ್ಟರ್ನೇಟರಿಗೆ ಬರುವ ದಪ್ಪ ವೈರಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಅದಕ್ಕೂ ಬಾಡಿಗೂ ತಾಗಿದರೆ ಕಿಡಿ ಹಾರುತ್ತದೆ. ಉದ್ದ ತೂತಿನ ಪಟ್ಟಿ ಒಂದಿದೆಯಲ್ಲ, ಅದರ ಬೋಲ್ಟು ಮತ್ತು ಆಲ್ಟರ್ನೇಟರ್ ನೇತಾಡುವ ಬೋಲ್ಟುಗಳು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸು. ಪಟ್ಟಿಯ ಬೋಲ್ಟ್ ಒಂದನ್ನೇ ಸಡಿಲಿಸಿ ಎಳೆದಾಡುವವರು ಬಹಳ ಜನ, ಅದಕ್ಕೇ ಅರ್ಧ ಬಿಗಿಯಾಗಿ ನಿಂತುಬಿಡುತ್ತದೆ. ಇನ್ನೊಂದು, ಅಂಬಾಸಿಡರಿನ ಮೂಲ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂರುತ್ತದೆ, ಆದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆಸಿ ಉರುಟು ಮಾಡಿಬಿಡುತ್ತದೆ. ನಿಮ್ಮಜ್ಜನ ಟೂಲ್ ಚೀಲದಲ್ಲಿ ಇಂಚಿನ ಸ್ಪ್ಯಾನರುಗಳು ಇರಲೇಬೇಕು, ಅಟ್ಟದ ಮೇಲೆ ಹುಡುಕು.

ಈಗ ಒಂದು ಗಟ್ಟಿ ಮರದ ಕೋಲನ್ನು ಆಲ್ಟರ್ನೇಟರಿಗೂ ಇಂಜಿನ್ನಿಗೂ ಮಧ್ಯೆ ಕೊಟ್ಟು ಮೆಲ್ಲಗೆ ಹೊರಗೆ ಮೀಟು. ಪುಲ್ಲಿ ಇರುವ ಮುಂದಿನ ಭಾಗಕ್ಕೆ ಕೊಡು, ಹಿಂದಿನ ತುದಿಗೆ ಬೇಡ. ಅದು ಅಲ್ಯೂಮಿನಿಯಂ, ಬಿರುಕು ಬಿಟ್ಟರೆ ಹೊಸದೇ ಗತಿ. ಹಾಗೇ ಹಿಡಿದುಕೊಂಡು ಮೊದಲು ಪಟ್ಟಿಯ ಬೋಲ್ಟ್ ಬಿಗಿ, ಆಮೇಲೆ ಉಳಿದವು. ಎಷ್ಟು ಬಿಗಿ? ಎರಡು ಪುಲ್ಲಿಗಳ ನಡುವೆ ಬೆಲ್ಟು ಅತಿ ಉದ್ದ ಇರುವ ಕಡೆ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತು. ಅರ್ಧ ಇಂಚು ಒಳಗೆ ಹೋಗಬೇಕು. ಆಲ್ಟರ್ನೇಟರಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡು, ಬೆಲ್ಟಿನೊಳಗೆ ಸುಲಭವಾಗಿ ಜಾರಿದರೆ ಇನ್ನೂ ಸಾಲದು. ಹಾಗಂತ ತಂತಿ ಮೀಟಿದ ಹಾಗೆ ಟಣ್ ಅನ್ನುವಷ್ಟು ಎಳೆಯಬೇಡ. ಜಾಸ್ತಿ ಬಿಗಿಯಾದರೆ ಆಲ್ಟರ್ನೇಟರಿನ ಬೇರಿಂಗು, ವಾಟರ್ ಪಂಪಿನ ಬೇರಿಂಗು ಎರಡಕ್ಕೂ ಪೆಟ್ಟು. ಬೆಲ್ಟಿನ ದುಡ್ಡು ಉಳಿಸಲು ಹೋಗಿ ಪಂಪೇ ಹಾಕಿಸಬೇಕಾಗುತ್ತದೆ.

ನನಗೆ ಇರುವ ದೊಡ್ಡ ಅನುಮಾನ ಬೇರೆ. ಈ ಕಾರಿಗೆ ಮೂಲದಲ್ಲಿ ಚಾರ್ಜ್ ಮಾಡಲು ಇದ್ದದ್ದು ಹಳೇ ಕಾಲದ ಡೈನಮೋ. ನಿಮ್ಮಜ್ಜ ಆಮೇಲೆ ಆಲ್ಟರ್ನೇಟರ್ ಹಾಕಿಸಿದ್ದು. ಒಳ್ಳೇ ಕೆಲಸವೇ, ಡೈನಮೋ ಇಂಜಿನ್ ಸ್ಲೋ ಇದ್ದಾಗ ಸರಿಯಾಗಿ ಚಾರ್ಜೇ ಕೊಡುವುದಿಲ್ಲ. ಆದರೆ ಬೇರೆ ಗಾಡಿಯ ಆಲ್ಟರ್ನೇಟರನ್ನು ಇದರ ಬ್ರಾಕೆಟ್ಟಿಗೆ ಹೊಂದಿಸುವಾಗ ವಾಷರ್ ಇಟ್ಟು ಹಿಂದೆ ಮುಂದೆ ಮಾಡಿರುತ್ತಾರೆ. ಇಂಜಿನ್ನಿನದೇ ಆದ ಕ್ರ್ಯಾಂಕ್ ಪುಲ್ಲಿ, ಪಂಪಿನ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರರ ತೋಡೂ ಒಂದೇ ಗೆರೆಯಲ್ಲಿ ಇರಬೇಕು. ಎರಡು ಮೂರು ಮಿಲಿಮೀಟರ್ ತಪ್ಪಿದರೂ ಬೆಲ್ಟ್ ಒಂದು ಪಕ್ಕಕ್ಕೆ ಉಜ್ಜುತ್ತದೆ, ಎಷ್ಟು ಬಿಗಿ ಮಾಡಿದರೂ ಚಿಕ್ ಚಿಕ್ ನಿಲ್ಲುವುದಿಲ್ಲ. ಒಂದು ಉದ್ದ ಸ್ಟೀಲ್ ಸ್ಕೇಲ್ ಅಥವಾ ನೇರ ರೀಪರ್ ಇಟ್ಟು ನೋಡು. ಹಳೇ ಬೆಲ್ಟನ್ನೂ ನೋಡು. ಒಂದೇ ಪಕ್ಕ ಸವೆದಿದ್ದರೆ ಕಥೆ ಅದೇ. ಪುಲ್ಲಿಯ ತಳ ಮಿರಮಿರ ಹೊಳೆಯುತ್ತಿದ್ದರೆ ಬೆಲ್ಟು ಸವೆದು ಕೆಳಗೆ ಕೂತಿದೆ ಅಂತ. ತುಕ್ಕು ಇದ್ದರೆ ನುಣುಪು ಎಮರಿ ಪೇಪರಿನಲ್ಲಿ ಉಜ್ಜಿ ಒಣಬಟ್ಟೆಯಲ್ಲಿ ಒರೆಸು.

ವಿಡಿಯೋದಲ್ಲಿ ಬೆಲ್ಟಿನ ಒಳಗೆ ಅಡ್ಡಡ್ಡ ಬಿರುಕು ಕಂಡ ಹಾಗಿದೆ. ಹಾಗಿದ್ದರೆ ಬಿಗಿ ಮಾಡುತ್ತಾ ಕೂರಬೇಡ, ಹೊಸದು ತಾ. ಇಂಜಿನ್ ಆಯಿಲ್ ಕುಡಿದ ಬೆಲ್ಟೂ ಅಷ್ಟೇ, ಪೆಟ್ರೋಲಿನಲ್ಲಿ ತೊಳೆದರೂ ಸರಿಹೋಗುವುದಿಲ್ಲ, ಆಯಿಲ್ ಎಲ್ಲಿಂದ ಬರುತ್ತಿದೆ ಅಂತಲೂ ನೋಡಬೇಕು. ಅಂಬಾಸಿಡರ್ ಬರುವುದು 2014ರಲ್ಲೇ ನಿಂತಿತು, ಬೆಲ್ಟ್ ಎಲ್ಲಿ ಸಿಗುತ್ತದೆ ಅಂತ ಹೆದರಬೇಡ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ವಿಚಾರಿಸು, ಹಳೇ ಬೆಲ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗು. ಎವಿಎಕ್ಸ್ 13 ಅಂತ ಬರೆದಿದ್ದರೆ ಮೇಲಿನ ಅಗಲ 13 ಮಿಲಿಮೀಟರ್, ಅದರ ಮುಂದಿನ ನಂಬರು ಉದ್ದ. ಆಲ್ಟರ್ನೇಟರ್ ಬದಲಾಗಿರುವುದರಿಂದ ಕಂಪನಿಯ ನಂಬರು ನಂಬಬೇಡ, ಇದ್ದದ್ದನ್ನೇ ಅಳೆದು ತಾ. ಅಡಿಕೆ ಸುಲಿಯುವ ಮಷಿನ್ನಿನ ಬೆಲ್ಟು ನೋಡಲು ಹಾಗೇ ಇದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಇಂಜಿನ್ ಬಿಸಿಗೆ ಮಾಡಿದ್ದನ್ನೇ ಹಾಕು. ಎರಡು ತಗೋ, ಒಂದು ಡಿಕ್ಕಿಯಲ್ಲಿ ಇರಲಿ. ಹಾಕುವಾಗ ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಪುಲ್ಲಿಗೆ ಹತ್ತಿಸಬೇಡ, ಒಳಗಿನ ದಾರ ಕಿತ್ತುಹೋಗುತ್ತದೆ. ಆಲ್ಟರ್ನೇಟರನ್ನು ಪೂರ್ತಿ ಒಳಗೆ ತಳ್ಳಿದರೆ ತಾನೇ ಕೂರುತ್ತದೆ.

ಅಕ್ಕಾ, ನಿನ್ನ ಪ್ರಶ್ನೆಗೆ ಉತ್ತರ. ಈ ಕೆಲಸ ಶುಕ್ರವಾರದೊಳಗೆ ಮುಗಿದರೆ ಕಾರಿನಲ್ಲೇ ಹೋಗೋಣ, ಇಲ್ಲದಿದ್ದರೆ ಬಸ್ಸು. ಹೊಸ ಬೆಲ್ಟ್ ಮೊದಮೊದಲು ಹಿಗ್ಗುತ್ತದೆ. ಅದಕ್ಕೇ ಶನಿವಾರ ಒಮ್ಮೆ ಮಂಡಗದ್ದೆ ತನಕ ಓಡಿಸಿಕೊಂಡು ಬಂದು, ತಣ್ಣಗಾದ ಮೇಲೆ ಮತ್ತೆ ಒತ್ತಿ ನೋಡಿ ಬಿಗಿ ಮಾಡಬೇಕು. ದಾರಿಯಲ್ಲಿ ಕೆಂಪು ಚಾರ್ಜಿಂಗ್ ಲೈಟ್ ಹತ್ತಿದರೆ, ಬ್ಯಾಟರಿ ಇದೆಯಲ್ಲ ಮನೆ ತನಕ ಹೋಗೋಣ ಅನ್ನುವ ಲೆಕ್ಕ ಈ ಕಾರಿನಲ್ಲಿ ನಡೆಯುವುದಿಲ್ಲ. ಬೆಲ್ಟ್ ತುಂಡಾಗಿದ್ದರೆ ನೀರೂ ನಿಂತಿರುತ್ತದೆ. ಪಕ್ಕಕ್ಕೆ ಹಾಕಿ ಆಫ್ ಮಾಡಿ, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಅಳಿಯಾ, ಕೆಲಸ ಆದ ಮೇಲೆ ಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಅಳೆದು ಇಲ್ಲೇ ಹಾಕು. ಇಂಜಿನ್ ನಿಂತಾಗ ಎಷ್ಟು, ಓಡುವಾಗ ಎಷ್ಟು, ಹೆಡ್‌ಲೈಟ್ ವೈಪರ್ ಎರಡೂ ಹಾಕಿದಾಗ ಎಷ್ಟು. ನಿಂತಾಗ 12.6ರ ಹತ್ತಿರ, ಓಡುವಾಗ 13.8ರಿಂದ 14.4ರ ಒಳಗೆ ಬರಬೇಕು. ಲೈಟ್ ಹಾಕಿ ಸ್ವಲ್ಪ ರೇಸ್ ಕೊಟ್ಟಾಗಲೂ 13ಕ್ಕಿಂತ ಕೆಳಗೇ ಇದ್ದರೆ ಫೋನ್ ಮಾಡು, ಶನಿವಾರ ಮಧ್ಯಾಹ್ನ ನಾನೇ ತೀರ್ಥಹಳ್ಳಿಯಿಂದ ಬರುತ್ತೇನೆ.