ಸ್ಪ್ರಿಂಗ್ ಏರ್ ರೈಫಲ್‌ಗೆ ಕೆನ್ನೆಯ ಎತ್ತರ, ಬಟ್ ಉದ್ದ ಮನೆಯಲ್ಲೇ ಹೊಂದಿಸುವುದು ಹೇಗೆ?

ಹತ್ತುಮೀಟರ್:
ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾರೆಲ್ ಮಡಚಿ ಲೋಡ್ ಮಾಡುವ 4.5 ಮಿಮೀ ಸ್ಪ್ರಿಂಗ್ ರೈಫಲ್. ಸ್ಟಾಕ್ (ರೈಫಲ್‌ನ ಮರದ ಭಾಗ) ಬೀಚ್ ಮರದ್ದು, ಸ್ಪೋರ್ಟರ್ ಆಕಾರ. ಮುಂದೆ ರಿಂಗ್, ಹಿಂದೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸೈಟ್) ಇದೆ. ನಿಂತು 10 ಮೀಟರ್ ಅಭ್ಯಾಸಕ್ಕೆ ಮಾತ್ರ ಬಳಕೆ. ಕೆನ್ನೆ ಪೂರ್ತಿ ಊರಿದರೆ ಕಣ್ಣು ಪೀಪ್‌ಗಿಂತ ಕೆಳಗಿರುತ್ತದೆ. ಬಟ್ (ಹೆಗಲಿಗೆ ಒರಗುವ ಹಿಂಭಾಗ) ಕೂಡ ಗಿಡ್ಡ ಅನಿಸುತ್ತದೆ. ಏರಿಸಿ ಇಳಿಸುವ ಚೀಕ್‌ಪೀಸ್ (ಕೆನ್ನೆ ಊರುವ ತುಂಡು) ಕತ್ತರಿಸಬೇಕು ಎಂದುಕೊಂಡಿದ್ದೇನೆ. ಎಲ್ಲಿ, ಎಷ್ಟು ಕತ್ತರಿಸಬೇಕು? ಯಾವ ಸಾಮಾನು ಬೇಕು?

ಬೀಟೆಮರ:
ಗರಗಸ ಈಗಲೇ ಬೇಡ ಸರ್. ಮೊದಲು ಅಳತೆ ಗೊತ್ತಾಗಲಿ. 3 ಮಿಮೀ ಇವಿಎ ಫೋಮ್ ಶೀಟ್ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬಟ್ ಮೇಲೆ ಒಂದೊಂದೇ ಪದರ ಇಟ್ಟು ಟೇಪ್ ಸುತ್ತಿ. ರೈಫಲ್ ಖಾಲಿ ಇದೆ ಎಂದು ನೋಡಿಕೊಂಡು, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ತಲೆಯ ಭಾರ ಪೂರ್ತಿ ಕೆನ್ನೆಗೆ ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ರಿಂಗ್ ಪೀಪ್‌ನ ನಡುವೆ ತಾನಾಗಿ ಕಂಡರೆ ಎತ್ತರ ಸರಿ. ನೋಡಲು ಕುತ್ತಿಗೆ ಎತ್ತಬೇಕಾದರೆ ಇನ್ನೊಂದು ಪದರ ಹಾಕಿ. ಫೋಮ್ ಒತ್ತಿದಾಗ ಕುಗ್ಗುತ್ತದೆ, ಮರ ಕುಗ್ಗುವುದಿಲ್ಲ. ಹಾಗಾಗಿ ಕೊನೆಯ ಅಳತೆಯನ್ನು ಒತ್ತಿ ಹಿಡಿದೇ ತೆಗೆದುಕೊಳ್ಳಿ.

ಬಟ್ ಉದ್ದಕ್ಕೂ ಇದೇ ಕ್ರಮ. ಮೊಣಕೈ ಮಡಚಿ ಬಟ್ ಅನ್ನು ಅದರ ಸಂದಿನಲ್ಲಿಟ್ಟರೆ ತೋರುಬೆರಳ ತುದಿ ಟ್ರಿಗರ್ ಮುಟ್ಟಬೇಕು ಎನ್ನುವುದು ಅಂದಾಜು ಲೆಕ್ಕ ಅಷ್ಟೆ. ನಿಂತ ಭಂಗಿಯಲ್ಲಿ ಗುರಿ ಹಿಡಿದಾಗ ಸಿಗುವುದೇ ನಿಜವಾದ ಅಳತೆ. 6 ಮಿಮೀ ಪ್ಲೈವುಡ್ ತುಂಡುಗಳನ್ನು ಬಟ್ ಪ್ಯಾಡ್ ಆಕಾರಕ್ಕೆ ಕತ್ತರಿಸಿ, ಪ್ಯಾಡ್‌ಗೂ ಬಟ್‌ಗೂ ನಡುವೆ ಒಂದೊಂದಾಗಿ ಸೇರಿಸಿ ನೋಡಿ. ಸ್ಕ್ರೂ ಕೂಡ ಅಷ್ಟೇ ಉದ್ದ ಹೆಚ್ಚಬೇಕು, ಮರದೊಳಗೆ ಕನಿಷ್ಠ 25 ಮಿಮೀ ಹೋಗಬೇಕು. ಬಟ್ ತುದಿಯಲ್ಲಿ ಮರದ ಎಳೆ ನೇರ ಹೊರಗೆ ತೆರೆದಿರುತ್ತದೆ, ಸ್ಕ್ರೂ ಹಿಡಿತ ದುರ್ಬಲ. ತೂತಿಗೆ ಮೊದಲು ತೆಳು ಎಪಾಕ್ಸಿ ಕುಡಿಸಿ ಒಣಗಲು ಬಿಟ್ಟರೆ ನಿಲ್ಲುತ್ತದೆ. ಬಟ್ ಉದ್ದವಾದಷ್ಟೂ ಕಣ್ಣು ಪೀಪ್‌ನಿಂದ ದೂರ ಹೋಗುತ್ತದೆ, ಸೈಟನ್ನು ಹಳಿಯ ಮೇಲೆ ಹಿಂದಕ್ಕೆ ಸರಿಸಲು ಮರೆಯಬೇಡಿ.

ಒಂದೆರಡು ವಾರ ಹೀಗೇ ಹೊಡೆಯಿರಿ. ಭಂಗಿ ಕೂತ ಮೇಲೆ ಅಳತೆ ಬದಲಾಗುವುದು ಸಾಮಾನ್ಯ.

ಉಳಿಸುತ್ತಿಗೆ:
ಮೇಲಿನದು ಪೂರ್ತಿ ಒಪ್ಪಿಗೆ. ಅಳತೆ ನಿಂತ ಮೇಲೆ ಕತ್ತರಿಸುವ ಕ್ರಮ ಹೇಳುತ್ತೇನೆ.

ಆಕ್ಷನ್ (ಬ್ಯಾರೆಲ್, ಸಿಲಿಂಡರ್, ಟ್ರಿಗರ್ ಇರುವ ಲೋಹದ ಭಾಗ) ಬಿಚ್ಚಿ ಸ್ಟಾಕ್‌ನಿಂದ ಹೊರಗಿಡಿ. ಹೊರಗಿರುವಾಗ ಅದನ್ನು ಕಾಕ್ ಮಾಡಬೇಡಿ (ಬ್ಯಾರೆಲ್ ಮಡಚಿ ಸ್ಪ್ರಿಂಗ್ ಒತ್ತಿ ಸಜ್ಜು ಮಾಡಬೇಡಿ), ಟ್ರಿಗರ್ ಎಳೆಯಬೇಡಿ. ಸ್ಪ್ರಿಂಗ್ ಸಿಲಿಂಡರ್ ಬಿಚ್ಚುವ ಅಗತ್ಯವೇ ಇಲ್ಲ, ಒಳಗೆ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ.

ಚೀಕ್‌ಪೀಸ್ ಉದ್ದ ಸುಮಾರು 150 ಮಿಮೀ, ದಪ್ಪ 25 ಮಿಮೀ. ಕೈ ಹಿಡಿಯುವ ಸಣ್ಣ ಭಾಗದಿಂದ ಕನಿಷ್ಠ 40 ಮಿಮೀ ಹಿಂದೆ ಕತ್ತರಿಸುವ ಗೆರೆ ಶುರುವಾಗಲಿ. ಸ್ಟಾಕ್ ಮುರಿಯುವುದು ಆ ಸಣ್ಣ ಭಾಗದಲ್ಲೇ. ಮುಖ್ಯ ವಿಷಯ: ಕತ್ತರಿಸುವ ಮೊದಲೇ, ಚೀಕ್‌ಪೀಸ್ ಏರಿಳಿಯುವ ರಾಡ್‌ಗಳಿಗೆ ತೂತು ಕೊರೆಯಿರಿ. ಮೇಲಿನಿಂದ, 80 ಮಿಮೀ ಅಂತರದಲ್ಲಿ ಎರಡು ತೂತು, ಮೊದಲು 6 ಮಿಮೀ, ಆಮೇಲೆ 10 ಮಿಮೀ, ಆಳ 70. ಕತ್ತರಿಸಿದ ಮೇಲೆ ಕೊರೆದರೆ ಎರಡು ಭಾಗದ ತೂತು ಒಂದಕ್ಕೊಂದು ಕೂಡುವುದೇ ಇಲ್ಲ. ಕೈ ಡ್ರಿಲ್ಲಿನಲ್ಲಿ ತೂತು ಓರೆಯಾಗುತ್ತದೆ. ರಾಡ್‌ಗಳು ಸಮಾನಾಂತರ ಇಲ್ಲದಿದ್ದರೆ ಚೀಕ್‌ಪೀಸ್ ಅರ್ಧ ಏರಿ ಸಿಕ್ಕಿಬೀಳುತ್ತದೆ. ಸ್ಟ್ಯಾಂಡ್ ಡ್ರಿಲ್ ಇರುವ ಬಡಗಿ ಹತ್ತಿರ ಈ ಒಂದು ಕೆಲಸ ಮಾಡಿಸಿಕೊಳ್ಳಿ. ಮುಂದಿನ ತೂತಿನ ಜಾಗದಲ್ಲಿ ಬಟ್ ಕಿರಿದು. ಅಲ್ಲಿ ಮೇಲಿಂದ ಕೆಳಗೆ 80 ಮಿಮೀಗಿಂತ ಕಡಿಮೆ ಇದ್ದರೆ ಆಳ ಕಡಿಮೆ ಮಾಡಿ, ಇಲ್ಲವಾದರೆ ಡ್ರಿಲ್ ತಳಕ್ಕೆ ಹೊರಬರುತ್ತದೆ.

ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಸಣ್ಣ ಹಲ್ಲಿನ ಗರಗಸದಲ್ಲಿ ಕತ್ತರಿಸಿದರೆ ಸಿಬರು ಏಳುವುದಿಲ್ಲ. 65 ಮಿಮೀ ಉದ್ದದ 10 ಮಿಮೀ ಸ್ಟೀಲ್ ರಾಡ್ ಎರಡು: 20 ಮಿಮೀ ಚೀಕ್‌ಪೀಸಿನೊಳಗೆ ಎಪಾಕ್ಸಿಯಲ್ಲಿ, ಉಳಿದ 45 ಬಟ್ ಒಳಗೆ ಜಾರುವ ಹಾಗೆ. 15 ಮಿಮೀ ಏರಿಸಿದರೂ 30 ಮಿಮೀ ಮರದೊಳಗೆ ಇರುತ್ತದೆ. ಎಪಾಕ್ಸಿ ಒಣಗುವಾಗ ಚೀಕ್‌ಪೀಸನ್ನು ಬಟ್ ಮೇಲೆ ಕೂರಿಸಿಯೇ ಇಡಿ, ರಾಡ್‌ಗೆ ಮೇಣ ಹಚ್ಚಿ (ಅಂಟಬೇಕಾದ 20 ಮಿಮೀ ಬಿಟ್ಟು). ಮೇಲಿನ ತೂತಿಗೆ ಮರದ ಬಿರಡೆ. ಐದು ನಿಮಿಷದ ಎಪಾಕ್ಸಿ ಬೇಡ, ನಿಧಾನ ಒಣಗುವ ಅರಾಲ್ಡೈಟ್ ತಗೊಂಡು ಒಂದು ದಿನ ಬಿಡಿ.

ಬಿಗಿ ಮಾಡಲು ಪಕ್ಕದಿಂದ ಎಂ6 ಇನ್ಸರ್ಟ್ (ಮರದೊಳಗೆ ಕೂರಿಸುವ ಥ್ರೆಡ್ ಇರುವ ಲೋಹದ ಕೊಳವೆ) ಮತ್ತು ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ). ರಾಡ್‌ಗೂ ಸ್ಕ್ರೂಗೂ ನಡುವೆ ಹಿತ್ತಾಳೆ ಅಥವಾ ನೈಲಾನ್ ಚೂರು ಹಾಕಿ. ಹಾಕದಿದ್ದರೆ ಸ್ಕ್ರೂ ರಾಡ್‌ನಲ್ಲಿ ಗುಳಿ ಮಾಡಿ, ಮುಂದೆ ಎತ್ತರ ಸ್ವಲ್ಪ ಬದಲಿಸಿದರೂ ಅದೇ ಗುಳಿಗೆ ಜಾರುತ್ತದೆ. ಇನ್ಸರ್ಟ್‌ಗೆ ತೂತಿನ ಅಳತೆ ಮೊದಲು ಬೇರೆ ಬೀಚ್ ತುಂಡಿನಲ್ಲಿ ಪರೀಕ್ಷಿಸಿ, ಬಿಗಿ ಹೆಚ್ಚಾದರೆ ಮರ ಸೀಳುತ್ತದೆ.

ಹತ್ತುಮೀಟರ್:
ತುಂಬಾ ಉಪಕಾರ. ಇನ್ನೊಂದು ಪ್ರಶ್ನೆ: ಎಡಗೈಗೆ ಫೋರ್‌ಎಂಡ್ (ಸ್ಟಾಕ್‌ನ ಮುಂಭಾಗ) ಕೆಳಗೆ ಮರದ ಬ್ಲಾಕ್ ಸೇರಿಸಬಹುದೇ? ಮುಂಭಾಗಕ್ಕೆ ಸ್ವಲ್ಪ ತೂಕವೂ ಬೇಕು.

ರೇಂಜ್‌ಅಧಿಕಾರಿ:
ಅಭ್ಯಾಸಕ್ಕೆ ಸೇರಿಸಿ, ತೊಂದರೆ ಇಲ್ಲ. ಸ್ಪರ್ಧೆಗೆ ಹೋಗುವ ಯೋಚನೆ ಇದ್ದರೆ ಮಾತ್ರ ನಿಯಮ ನೋಡಿಯೇ ಮಾಡಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) 10 ಮೀಟರ್ ಏರ್ ರೈಫಲ್‌ನಲ್ಲಿ ಸೈಟ್ ಸೇರಿ 5.5 ಕೆಜಿ ಮೀರುವಂತಿಲ್ಲ. ಹೆಬ್ಬೆರಳ ತೂತು, ಪಾಮ್ ರೆಸ್ಟ್ (ಅಂಗೈ ಆಸರೆ), ಸ್ಪಿರಿಟ್ ಲೆವೆಲ್ ನಿಷಿದ್ಧ. ಫೋರ್‌ಎಂಡ್ ಆಳಕ್ಕೂ ಮಿತಿ ಇದೆ, ಸದ್ಯದ ನಿಯಮ ಪುಸ್ತಕದ ಕೋಷ್ಟಕ ನೋಡಿಕೊಂಡು ಬ್ಲಾಕ್ ಅಳತೆ ಇಡಿ.

ನಿಮ್ಮದು ಬ್ಯಾರೆಲ್ ಮಡಚುವ ರೈಫಲ್, ಫೋರ್‌ಎಂಡ್ ಒಳಗೆ ಕಾಕಿಂಗ್ ಲಿವರ್ ಓಡಾಡುವ ಸಂದು ಇದೆ. ಬ್ಲಾಕ್ ಸ್ಕ್ರೂ ಅಲ್ಲಿಗೆ ತಲುಪಿದರೆ ಲಿವರ್‌ಗೆ ಸಿಕ್ಕಿಕೊಳ್ಳುತ್ತದೆ. ಸಂದಿನ ಎರಡು ಬದಿಯ ಗಟ್ಟಿ ಮರಕ್ಕೇ ಸ್ಕ್ರೂ ಹಾಕಿ. ತೂಕ ಅಲ್ಲಾಡದ ಹಾಗೆ ಬೋಲ್ಟ್ ಮಾಡಿ. ಸ್ಪ್ರಿಂಗ್ ರೈಫಲ್ ಪಿಸ್ಟನ್ ಮುಂದೆ ಹೋಗುವಾಗ ಹಿಂದಕ್ಕೆ, ಕೊನೆಯಲ್ಲಿ ಮುಂದಕ್ಕೆ ಎರಡು ಸಲ ಒದೆಯುತ್ತದೆ. ಸಡಿಲ ಇರುವ ಯಾವುದೇ ಭಾಗ ಗ್ರೂಪ್ (ಹೊಡೆತಗಳು ಒತ್ತಾಗಿ ಒಂದೇ ಕಡೆ ಬೀಳುವುದು) ಹಾಳುಮಾಡುತ್ತದೆ. ಇದೇ ಕಾರಣಕ್ಕೆ ಸ್ಟಾಕ್ ಸ್ಕ್ರೂಗಳನ್ನೂ ನೋಡಿ. ಮರ ನಜ್ಜಾಗಿದ್ದರೆ ಕಪ್ ವಾಷರ್ ಹಾಕಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು, ಕೆಂಪು ಬೇಡ. ಮುಂದಿನ ಎರಡು ಪಕ್ಕದ ಸ್ಕ್ರೂಗಳನ್ನು ಅರ್ಧ ಸುತ್ತು ಅರ್ಧ ಸುತ್ತಾಗಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಸಿಲಿಂಡರ್ ಆ ಕಡೆಗೆ ಎಳೆದುಕೊಳ್ಳುತ್ತದೆ.

ಟ್ರಿಗರ್ ಬೆರಳಿನ ಪಕ್ಕವೂ ಗಮನಿಸಿ. ಬೆರಳು ಮರಕ್ಕೆ ತಾಗುತ್ತಿದ್ದರೆ ಒತ್ತುವಾಗ ರೈಫಲ್ ಅಡ್ಡಕ್ಕೆ ಸರಿಯುತ್ತದೆ. ಅಲ್ಲಿ ಒಂದೆರಡು ಮಿಮೀ ಉಜ್ಜಿ ತೆಗೆದರೆ ಸಿಗುವ ಲಾಭ ಚೀಕ್‌ಪೀಸಿನಷ್ಟೇ ದೊಡ್ಡದು.

ಬೀಟೆಮರ:
ಫಿನಿಶ್ ಬಗ್ಗೆ: 120, 180, 240, 320 ಸ್ಯಾಂಡ್‌ಪೇಪರ್ ಎಳೆಯ ದಿಕ್ಕಿನಲ್ಲೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಬಾಯ್ಲ್ಡ್ ಲಿನ್ಸೀಡ್ (ಅಗಸೆ) ಎಣ್ಣೆ ತೆಳ್ಳಗೆ ಐದಾರು ಕೋಟ್, ಪ್ರತಿ ಕೋಟ್ ಪೂರ್ತಿ ಒಣಗಿದ ಮೇಲೆ ಮುಂದಿನದು. ಕತ್ತರಿಸಿದ ಮುಖ, ತೂತಿನ ಒಳಬದಿ, ಪ್ಯಾಡ್ ಕೆಳಗಿನ ತುದಿಗೂ ಹಚ್ಚಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೀಚ್ ಅಲ್ಲಿಂದಲೇ ತೇವ ಹೀರಿ ಉಬ್ಬಿ ರಾಡ್ ಹಿಡಿದುಕೊಳ್ಳುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಒಣಗುವಾಗ ಬಿಸಿ ಹುಟ್ಟಿ ತಾನಾಗೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ.

ಎಲ್ಲಾ ಜೋಡಿಸಿದ ಮೇಲೆ ಸೈಟ್ ಮತ್ತೆ ಜೀರೋ ಮಾಡಬೇಕು (ಗುರಿ ಇಟ್ಟಲ್ಲೇ ಹೊಡೆತ ಬೀಳುವ ಹಾಗೆ ಹೊಂದಿಸಬೇಕು). ರಾಡ್ ಮೇಲೆ ಸಣ್ಣ ಗೆರೆ ಹಾಕಿಟ್ಟರೆ ಸ್ವಚ್ಛ ಮಾಡಲು ಬಿಚ್ಚಿದಾಗಲೂ ಅದೇ ಎತ್ತರಕ್ಕೆ ಕೂರಿಸಬಹುದು.